ವಾರದ ಇಂಜೆಕ್ಷನ್ ತಗೊಳ್ಳೋರ ಗಮನಕ್ಕೆ
ಎಲ್ಲರಿಗೂ ನಮಸ್ಕಾರ. ಶುಗರ್, ತೂಕ ಇಳಿಸೋಕೆ ವಾರಕ್ಕೊಮ್ಮೆ ತಗೊಳ್ಳೋ ಮೌಂಜಾರೋ, ಸೆಮಾಗ್ಲುಟೈಡ್ ಇಂಜೆಕ್ಷನ್ ಶುರು ಮಾಡಿದ ಹಲವರು ವಾಕರಿಕೆ ಅಂತ ಈ ಗ್ರೂಪಿನಲ್ಲಿ ಬರೀತಿದ್ದೀರಿ. ಈ ಔಷಧಿ ಹೊಟ್ಟೆ ಖಾಲಿಯಾಗೋದನ್ನೇ ನಿಧಾನ ಮಾಡುತ್ತೆ. ಅದಕ್ಕೇ ರಾತ್ರಿ ಬೋಂಡಾ, ಬಿರಿಯಾನಿ ತಿಂದರೆ ಸಂಕಟ ಜಾಸ್ತಿ. ಅರ್ಧ ಮುದ್ದೆ, ತಿಳಿ ಸಾರು, ಮಜ್ಜಿಗೆ ಸಾಕು. ಹೊಟ್ಟೆ ತುಂಬಿತು ಅನ್ನಿಸಿದ ಕೂಡಲೇ ಎದ್ದುಬಿಡಿ, ಯಾರು ಎಷ್ಟೇ ಬಲವಂತ ಮಾಡಲಿ. ಮಲಬದ್ಧತೆ ಇದ್ದವರು ನೀರು, ಸೊಪ್ಪು ಹೆಚ್ಚಿಸಿ.

ಮೌಂಜಾರೋ ಶುರುವಿನ ಡೋಸ್ 2.5 ಮಿ.ಗ್ರಾಂ.ನಲ್ಲಿ 4 ವಾರ ಇರಲೇಬೇಕು. ಬೇಗ ತೂಕ ಇಳೀಲಿ ಅಂತ ನೀವೇ ಡೋಸ್ ಏರಿಸಬೇಡಿ, ದಯವಿಟ್ಟು. ಜೊತೆಗೆ ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಶುಗರ್ ತೀರಾ ಇಳಿಯಬಹುದು, ಡಾಕ್ಟರಿಗೆ ಮೊದಲೇ ಹೇಳಿ.

ಮೇಲ್ಹೊಟ್ಟೆಯ ಜೋರು ನೋವು ಬೆನ್ನಿಗೆ ಹೊಡೆದರೆ, ವಾಂತಿ ನಿಲ್ಲದಿದ್ದರೆ ಇಲ್ಲಿ ಮೆಸೇಜ್ ಹಾಕಿ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.