ಹಾಲು ಬಿಡಿಸುವುದಿಲ್ಲ, ಅಜ್ಜಿಗೆ ಹೇಳು

ಲೀಡ್ಸ್, ಭಾನುವಾರ ರಾತ್ರಿ

ಅಮ್ಮಾ,

ಎಲ್ಲರಿಗೂ ನಮಸ್ಕಾರ. ನಾವು ಮೂವರೂ ಕ್ಷೇಮ. ಪಾರ್ಸಲ್ ಬಂತು. ಅಂಟಿನುಂಡೆ ದಾರಿಯಲ್ಲೇ ಪುಡಿಯಾಗಿದೆ, ಚಮಚದಲ್ಲಿ ತಿನ್ನುತ್ತಿದ್ದೇನೆ. ಜೊತೆಗಿದ್ದ ನಿನ್ನ ಕಾಗದವನ್ನೂ ಓದಿದೆ. ಫೋನಿನಲ್ಲಿ ಉತ್ತರ ಕೊಡೋಣ ಅಂದರೆ ನೀನು ಕೂಸಿನ ಮುಖ ನೋಡಿದ ಕೂಡಲೇ ಕಣ್ಣೀರು ಹಾಕುತ್ತೀಯ, ಹಿಂದಿನಿಂದ ಅಜ್ಜಿ ಕೂಗುತ್ತಾರೆ, ನಾನು ಹೇಳಿದ್ದು ಯಾರಿಗೂ ಕೇಳಿಸುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಜ್ಜಿಗೆ ಜೋರಾಗಿ ಓದಿ ಹೇಳು.

ಪುಟ್ಟ ಹುಷಾರಾಗಿದ್ದಾನೆ. ಚರ್ಮ ಸುಲಿದು ಆಸ್ಪತ್ರೆ ಸೇರಿದ್ದನಲ್ಲ, ಅದೀಗ ವಾಸಿಯಾಗುತ್ತಿದೆ. ನಗುತ್ತಾನೆ, ಮಗುಚಿಕೊಳ್ಳುತ್ತಾನೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನೆ. ಕುತ್ತಿಗೆ ಹತ್ತಿರ ಸ್ವಲ್ಪ ಹೊಟ್ಟು ಏಳುತ್ತಿದೆ, ಅಷ್ಟೇ. ಕಲೆ ಉಳಿಯುವುದಿಲ್ಲವಂತೆ, ಚರ್ಮ ಹರಿದದ್ದು ತೀರಾ ಮೇಲಿನ ಪದರದಲ್ಲಿ. ಮುಂದೆ ಇವನಿಗೆ ಹೆಣ್ಣು ಕೊಡುವವರು ಯಾರು ಅಂತ ದೊಡ್ಡಮ್ಮ ಈಗಲೇ ಚಿಂತೆ ಮಾಡುವುದು ಬೇಡ.

ಇನ್ನು ಆ ಹಾಲಿನ ಮಾತು. ‘ಹಾಲು ನಂಜಾಗಿದೆ, ಬಿಡಿಸಿ ಡಬ್ಬಿ ಹಾಲು ಹಾಕು’ ಅಂತ ಅಜ್ಜಿ ಹೇಳುತ್ತಿದ್ದಾರೆ ಅಂತ ಬರೆದಿದ್ದೀಯ. ಬಾಣಂತನ ನೆಟ್ಟಗೆ ಆಗಲಿಲ್ಲ, ಬದನೆಕಾಯಿ ತಿಂದಿರಬೇಕು ಅಂತ. ಇಲ್ಲಿ ಒಂದು ಬದನೆಕಾಯಿಗೆ ಎಷ್ಟು ಅಂತ ಗೊತ್ತಾದರೆ ಅಜ್ಜಿ ಆ ಮಾತು ಆಡುತ್ತಿರಲಿಲ್ಲ. ಅಮ್ಮ, ಇದು ಹಾಲಿನಿಂದ ಬಂದದ್ದಲ್ಲ. ಅಜ್ಜಿ ಹೇಳಿದ್ದಕ್ಕೆ ಬೇಜಾರಿಲ್ಲ. ನೀನೂ ‘ಇದ್ದರೂ ಇರಬಹುದು’ ಅಂತ ಕೆಳಗೆ ಸೇರಿಸಿದ್ದೀಯಲ್ಲ, ಅದಕ್ಕೆ ಬೇಜಾರು.

ಅದು ಸರ್ಪಸುತ್ತೂ ಅಲ್ಲ, ಅಮ್ಮ ಬಂದದ್ದೂ ಅಲ್ಲ. ಕೆಮ್ಮಣ್ಣು, ಬೇವಿನ ಸೊಪ್ಪು ಯಾವುದೂ ಬೇಡ. ಸ್ಟ್ಯಾಫಿಲೊಕಾಕಸ್ ಅಂತ ಒಂದು ಬ್ಯಾಕ್ಟೀರಿಯಾ. ಕುರು, ಕೀವುಗುಳ್ಳೆ ಆಗುವುದು ಹೆಚ್ಚಾಗಿ ಇದರಿಂದಲೇ. ಮಕ್ಕಳ ಮೂಗು ಬಾಯಿ ಸುತ್ತ ಜೇನಿನ ಬಣ್ಣದ ಹಕ್ಕಳೆ ಕಟ್ಟುತ್ತದಲ್ಲ, ಅದಕ್ಕೂ ಸಾಮಾನ್ಯವಾಗಿ ಇದೇ ಕಾರಣ. ಜನರಲ್ಲಿ ಸುಮಾರು ಮೂವರಿಗೊಬ್ಬರ ಮೂಗಿನಲ್ಲಿ ಇದು ಯಾವ ತೊಂದರೆಯೂ ಕೊಡದೆ ಸುಮ್ನೆ ಕೂತಿರುತ್ತದೆ. ಹಾಗಾಗಿ ಯಾರಿಂದ ಬಂತು ಅಂತ ಹುಡುಕುವುದು ದಂಡ. ನಾಮಕರಣಕ್ಕೆ ಬಂದಿದ್ದ ಇವರ ಸ್ನೇಹಿತರ ಮೇಲೆ ಗುಮಾನಿ ಬೇಡ.

ಈ ಬ್ಯಾಕ್ಟೀರಿಯಾದಲ್ಲಿ ಕೆಲವು ಒಂದು ವಿಷ ಬಿಡುತ್ತವೆ. ಮೂಗಲ್ಲೋ ಹೊಕ್ಕುಳಲ್ಲೋ ಚಡ್ಡಿ ಕಟ್ಟುವ ಜಾಗದಲ್ಲೋ ಸಣ್ಣದಾಗಿ ಶುರುವಾದರೂ, ಆ ವಿಷ ರಕ್ತದಲ್ಲಿ ಮೈಯೆಲ್ಲ ಹರಡುತ್ತದೆ. ಚರ್ಮದ ಮೇಲ್ಪದರದ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಪ್ರೋಟೀನನ್ನು ಅದು ಕತ್ತರಿಸಿ ಹಾಕುತ್ತದೆ. ಪುಟ್ಟನಿಗೆ ಮೊದಲು ಬಾಯಿ ಸುತ್ತ ಕೆಂಪಾಯಿತು, ಆಮೇಲೆ ಕಂಕುಳು, ತೊಡೆಸಂದಿ. ಮೊದಲು ನೋಡಿದವರು ಬೆವರುಸಾಲೆ ಅಂದರು. ಈ ಚಳಿಯಲ್ಲಿ ಎಂಥ ಬೆವರು? ಮರುದಿನ ಎತ್ತಿಕೊಂಡರೆ ಕಿರುಚತೊಡಗಿದ. ಅಂಗಿ ತೆಗೆಯುವಾಗ ಕುತ್ತಿಗೆಯ ಪಟ್ಟಿ ಉಜ್ಜಿದ ಕಡೆ ಚರ್ಮ ಹಾಗೇ ಸರಿದು ಮುದುಡಿಕೊಂಡಿತು, ಕೆಳಗೆ ಒದ್ದೆ ಕೆಂಪು. ಇವರು 111ಕ್ಕೆ ಫೋನ್ ಮಾಡಿದರು. ಅದು ಇಲ್ಲಿಯ ಸರ್ಕಾರಿ ಆರೋಗ್ಯ ಸಹಾಯವಾಣಿ. ತಕ್ಷಣ ಆಸ್ಪತ್ರೆಗೆ ಹೋಗಿ ಅಂದರು.

ನರ್ಸ್ ಅವನ ಕೈಗೆ ಸೂಜಿ ಹಾಕಿದ ಮೇಲೆ ಪ್ಲಾಸ್ಟರ್ ಅಂಟಿಸಲಿಲ್ಲ. ಅಂಟಿಸಿದರೆ ತೆಗೆಯುವಾಗ ಚರ್ಮವೂ ಬರುತ್ತದೆ ಅಂತ ಮೆತ್ತಗಿನ ಬಟ್ಟೆ ಸುತ್ತಿ ಕಟ್ಟಿದಳು. ಆ ಕೈ ಅವನ ತಲೆಯಷ್ಟೇ ದಪ್ಪ ಕಾಣುತ್ತಿತ್ತು. ಫ್ಲುಕ್ಲಾಕ್ಸಾಸಿಲಿನ್ ಅನ್ನುವ ಔಷಧಿಯನ್ನು ರಕ್ತನಾಳಕ್ಕೇ ಕೊಟ್ಟರು. ಮೈಗೆ ಬಿಳಿ ಪ್ಯಾರಾಫಿನ್ ಜೆಲ್ಲಿ ಸವರಿದರು. ನೋವಿಗೆ ಪ್ಯಾರಾಸಿಟಮಾಲ್. ಬಾಯಿಯ ಒಳಗೆ ಮಾತ್ರ ಏನೂ ಆಗುವುದಿಲ್ಲ, ಅಲ್ಲಿ ಹಿಡಿದಿಡುವ ಪ್ರೋಟೀನ್ ಬೇರೆ ಇರುತ್ತದಂತೆ. ಹಾಗಾಗಿ ಅಷ್ಟರಲ್ಲೂ ಅವನು ಹಾಲು ಕುಡಿದ. ಕುಡಿಸಿ, ನಿಲ್ಲಿಸಬೇಡಿ ಅಂತ ಡಾಕ್ಟರೇ ಹೇಳಿದರು. ಇದನ್ನು ಅಜ್ಜಿಗೆ ಎರಡು ಸಲ ಓದು.

‘ತಾಯಿಯ ಶಕ್ತಿ ಮಗುವಿಗೆ ಬಂದಿರುತ್ತದೆ ಅಂತೀರಲ್ಲ, ಹಾಗಾದರೆ ಇದು ಯಾಕೆ ಬಂತು’ ಅಂತ ಅಪ್ಪ ಕೇಳಿದ್ದಾರೆ. ನಾನೂ ಅದನ್ನೇ ಕೇಳಿದೆ. ದೊಡ್ಡವರಲ್ಲಿ ಹೆಚ್ಚಿನವರಿಗೆ ಈ ವಿಷವನ್ನು ತಡೆಯುವ ಆಂಟಿಬಾಡಿ ಇರುತ್ತದೆ. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಅದು ಮಾಸಿನ ಮೂಲಕ ಕೂಸಿಗೆ ಜಾಸ್ತಿ ಇಳಿಯುತ್ತದೆ. ಅದು ನಾವು ಕಟ್ಟಿ ಕಳಿಸಿದ ಬುತ್ತಿ, ಅಪ್ಪ. ತಿಂದಂತೆ ಖಾಲಿ. ಸುಮಾರು 3 ವಾರಕ್ಕೊಮ್ಮೆ ಅರ್ಧಕ್ಕರ್ಧ ಕರಗುತ್ತದೆ. ಮಗುವಿನ ಮೈ ತನ್ನದೇ ಆಂಟಿಬಾಡಿ ಮಾಡಿಕೊಳ್ಳುವುದು ನಿಧಾನ. ಅದಕ್ಕೇ 3ರಿಂದ 6 ತಿಂಗಳ ನಡುವೆ ಮೈಯಲ್ಲಿ ಅದು ತೀರಾ ಕಡಿಮೆ. ಪುಟ್ಟ ಸರಿಯಾಗಿ ಅದೇ ವಯಸ್ಸಿನಲ್ಲಿದ್ದಾನೆ. ಮೇಲಾಗಿ ಆ ವಿಷವನ್ನು ಹೊರಹಾಕುವುದು ಮೂತ್ರಪಿಂಡ, ಎಳೆಮಕ್ಕಳಲ್ಲಿ ಅದಿನ್ನೂ ಬಲಿತಿರುವುದಿಲ್ಲ. ಹಾಲಿನಲ್ಲೂ ಆಂಟಿಬಾಡಿ ಇದೆ, ಆದರೆ ಅದು ಬಾಯಿ, ಹೊಟ್ಟೆ, ಕರುಳು ಕಾಯುತ್ತದೆ. ರಕ್ತಕ್ಕೆ ಅಷ್ಟಾಗಿ ಸೇರುವುದಿಲ್ಲ. ಅಂದರೆ ಹಾಲು ಅದರ ಕೆಲಸ ಮಾಡುತ್ತಿದೆ. ಚರ್ಮದ ಕೆಲಸವನ್ನೂ ಅದರ ತಲೆಗೆ ಕಟ್ಟಿದರೆ ಹೇಗೆ?

ಅಜ್ಜಿ ಇದನ್ನು ನಂಬುವುದಿಲ್ಲ, ಗೊತ್ತು. ನಾನು ಹೊಟ್ಟೆಯಲ್ಲಿದ್ದಾಗ ನಿನಗೆ ಟಿಟಿ ಸೂಜಿ ಹಾಕಿಸಲು ಅಜ್ಜಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಲ್ಲ? ಸೂಜಿ ನಿನಗೆ, ಧನುರ್ವಾಯುವಿನಿಂದ ಉಳಿಯುವುದು ಮಗು. ಅದೂ ಇದೇ ಲೆಕ್ಕ. ಹುಟ್ಟಿದ ಕೂಸುಗಳ ಧನುರ್ವಾಯು ನಮ್ಮ ದೇಶದಲ್ಲಿ ಹತೋಟಿಗೆ ಬಂದಿದೆ ಅಂತ 2015ರಲ್ಲಿ ಘೋಷಿಸಿದ್ದು ಸುಮ್ನೆ ಅಲ್ಲ. ಇಲ್ಲಿ ಬಸುರಿಯರಿಗೆ ನಾಯಿಕೆಮ್ಮಿನ ಲಸಿಕೆಯನ್ನೂ ಹಾಕುತ್ತಾರೆ. ಈ ಚರ್ಮದ ವಿಷಕ್ಕೆ ಮಾತ್ರ ಹಾಗೆ ಹಾಕಿಸಿಕೊಳ್ಳುವ ಲಸಿಕೆ ಇಲ್ಲ.

ಪದ್ದುವಿಗೆ ಇದನ್ನು ಬೇರೆಯಾಗಿ ಹೇಳು. ಅವಳ ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದೆ, ಅಂಥ ಮಕ್ಕಳಿಗೆ ತಾಯಿಯಿಂದ ಇಳಿದದ್ದು ಇನ್ನೂ ಕಡಿಮೆ. ಹೊಕ್ಕುಳಿಗೆ ಬೂದಿ, ಅರಿಶಿನ ಏನೂ ಮೆತ್ತಬಾರದು. ನೀರು ಹಾಕಲು ಬರುವ ಗೌರಕ್ಕ ಕೂಸಿನ ಎದೆ ಹಿಂಡುತ್ತಾರಲ್ಲ, ಅದನ್ನು ಖಂಡಿತ ನಿಲ್ಲಿಸಬೇಕು. ಹಿಂಡಿದ ಎದೆಯಲ್ಲಿ ಇದೇ ಬ್ಯಾಕ್ಟೀರಿಯಾ ಸೇರಿ ಕೀವಾಗುತ್ತದೆ. ಹೊಕ್ಕುಳ ಸುತ್ತ ಕೆಂಪಾದರೆ, ನೀರುಗುಳ್ಳೆ ಎದ್ದರೆ, ಮುಟ್ಟಿದರೆ ಅತ್ತರೆ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಲಿ. ಸಂತೆ ದಿನ ನೋಡಿಕೊಂಡು ಕೂರುವುದು ಬೇಡ. ಗೌರಕ್ಕನಿಗೆ ಬೇಜಾರಾಗದ ಹಾಗೆ ಹೇಳುವುದು ನಿನಗೇ ಬರುತ್ತದೆ.

ಅಪ್ಪ ಗೂಗಲ್‌ನಲ್ಲಿ ಹುಡುಕದ ಹಾಗೆ ನೋಡಿಕೊ. ಇವರು ಆಸ್ಪತ್ರೆಯಲ್ಲಿ ಕೂತು ಹುಡುಕಿ, 1878ರಲ್ಲಿ ಪ್ರಾಗ್ ನಗರದ ಅನಾಥ ಶಿಶುಗಳ ಆಸ್ಪತ್ರೆಯ ಡಾಕ್ಟರ್ ರಿಟ್ಟರ್ ಅನ್ನುವವರು ಇದೇ ಕಾಯಿಲೆ ಬಂದ 297 ಮಕ್ಕಳ ವಿಷಯ ಬರೆದಿದ್ದನ್ನು ಓದಿ ಊಟ ಬಿಟ್ಟಿದ್ದರು. ಆ ಕಾಲದಲ್ಲಿ ಆಂಟಿಬಯೋಟಿಕ್ ಇರಲಿಲ್ಲ. ಈಗ ಇದೆ. ಮುಗಿಯಿತು.

ಬಿಲ್ಲು ಎಷ್ಟಾಯಿತು ಅಂತಲೂ ಅಪ್ಪ ಕೇಳಿದ್ದಾರೆ. ಆಸ್ಪತ್ರೆಯಲ್ಲಿ ಒಂದು ಪೈಸೆಯೂ ತೆಗೆದುಕೊಳ್ಳಲಿಲ್ಲ. ಧರ್ಮಕ್ಕಲ್ಲ ಬಿಡು, ವೀಸಾ ಕೊಡುವಾಗಲೇ ಆರೋಗ್ಯ ಸೇವೆಗೆ ಅಂತ ದೊಡ್ಡವರಿಗೆ ತಲಾ ವರ್ಷಕ್ಕೆ 1,035 ಪೌಂಡ್ ಕಟ್ಟಿಸಿಕೊಂಡಿದ್ದಾರೆ. ಆದರೂ ರಾತ್ರಿ ನನಗೇ ಚಹಾ, ಸುಟ್ಟ ಬ್ರೆಡ್ ತಂದುಕೊಟ್ಟರು. ಚಹಾ ಕುಡಿಯುವ ಹಾಗಿರಲಿಲ್ಲ, ಅದು ಬೇರೆ ಮಾತು. ಕೂಸಿಗೆ ದಿನಾ ಸ್ನಾನ ಬೇಕಿಲ್ಲ, ವಾರಕ್ಕೆ ಎರಡು ಮೂರು ಸಲ ಸಾಕು ಅಂತಾರೆ ಇಲ್ಲಿ. ಈ ಸಾಲು ಅಜ್ಜಿಗೆ ಓದಬೇಡ.

ನೀನು ಬರುತ್ತೀನಿ ಅಂತ ಹೊರಡಬೇಡ. ಅಪ್ಪನ ಮೊಣಕಾಲು, ಅಡಿಕೆ ಕೊಯ್ಲು ಎಲ್ಲ ಬಿಟ್ಟು ಬಂದರೆ ಇಲ್ಲಿ ನನ್ನ ಮುಖ ನೋಡುತ್ತಾ ಕೂರುವುದಷ್ಟೇ. ನಾನು ನಿದ್ದೆ ಮಾಡುತ್ತಿದ್ದೇನೆ, ಊಟ ಮಾಡುತ್ತಿದ್ದೇನೆ, ತೂಕ ಇಳಿದಿಲ್ಲ. ಫೋಟೋದಲ್ಲಿ ಕಣ್ಣು ಕೆಳಗೆ ಕಪ್ಪು ಕಂಡದ್ದು ಲೈಟಿನಿಂದ. ಪುಟ್ಟನ ತೂಕ ಮತ್ತೆ ಏರಿದೆ, ಇಲ್ಲಿ ಮಕ್ಕಳ ಆರೋಗ್ಯದ ಲೆಕ್ಕ ಇಡುವ ಕೆಂಪು ಪುಸ್ತಕದಲ್ಲಿ ಬರೆದಿದ್ದಾರೆ, ಫೋಟೋ ಕಳಿಸುತ್ತೇನೆ. ಎಣ್ಣೆ ಸದ್ಯ ಕಳಿಸಬೇಡ, ಚರ್ಮ ಪೂರ್ತಿ ಮಾಗಿದ ಮೇಲೆ ನಾನೇ ಕೇಳುತ್ತೇನೆ. ಸಚ್ಚಿಯ ಸಾಗರದ ಸಂಬಂಧ ಏನಾಯಿತು, ಅದರ ಬಗ್ಗೆ ಒಂದು ಸಾಲೂ ಇಲ್ಲವಲ್ಲ?

ಎದ್ದ, ಹಸಿದಿದ್ದಾನೆ. ಇವರು ನಾಳೆ ಬೆಳಿಗ್ಗೆ ಅಂಚೆಗೆ ಹಾಕುತ್ತಾರೆ. ಅಪ್ಪನಿಗೆ ಬಿಪಿ ಮಾತ್ರೆ ತಪ್ಪಿಸಬೇಡ ಅಂತ ಹೇಳು.

ನಿನ್ನ
ವಿದ್ಯಾ