ಹುಡುಗಿಯರ ಜೆರ್ಸಿಗೆ ಹುಡುಗಿಯರದೇ ಅಳತೆ ಇರಲಿ

ಮಾನ್ಯ ಸಂಪಾದಕರೇ,

ಧಾರವಾಡದ ಸಪ್ತಾಪುರದಲ್ಲಿ 19 ವರ್ಷದಿಂದ ಟೇಲರಿಂಗ್ ಅಂಗಡಿ ನಡೆಸುತ್ತಿದ್ದೇನೆ. ಓದಲು, ಕೋಚಿಂಗಿಗೆ ಅಂತ ಬಂದ ಮಕ್ಕಳೇ ನನ್ನ ಗಿರಾಕಿಗಳು ಜಾಸ್ತಿ. ಪ್ಯಾಂಟಿನ ಜಿಪ್ಪು, ಚೂಡಿದಾರದ ಫಿಟ್ಟಿಂಗ್, ಇಂಥವೇ ಕೆಲಸ. ಕಳೆದ ವಾರ ಬಂದ ಒಂದು ಗಂಟು ನೋಡಿ ನಿಮಗೆ ಬರೆಯಲೇಬೇಕು ಅನ್ನಿಸಿತು.

ಗಂಟಿನಲ್ಲಿ 12 ಬಾಸ್ಕೆಟ್‌ಬಾಲ್ ಜೆರ್ಸಿಗಳಿದ್ದವು. ತಂದವರು ಇಬ್ಬರು ಹುಡುಗಿಯರು, ಒಂದು ವಿಶ್ವವಿದ್ಯಾಲಯದ ಮಹಿಳಾ ತಂಡದವರು. ಯಾವುದು ಅಂತ ಬರೆಯುವುದಿಲ್ಲ, ಓದುವ ಮಕ್ಕಳಿಗೆ ತೊಂದರೆ ಆಗಬಾರದು. ಆ ಜೆರ್ಸಿಗಳು ಹೋದ ವರ್ಷದ ಪುರುಷರ ತಂಡದವು. ಅವರಿಗೆ ಈ ಸಲ ಹೊಸವು ಬಂದಿವೆ, ಹಳೆಯವು ಇವರ ಪಾಲಿಗೆ.

"ಅಕ್ಕಾರ, ಬಗಲು ಭಾಳ ದೊಡ್ಡದೈತ್ರಿ. ಒಳಗೊಂದು ಟೀ-ಶರ್ಟ್ ಹಾಕ್ಕೊಂಡ ಆಡಾಕತ್ತೇವಿ, ಸೆಕೆಗೆ ಜೀವ ಹೋಗತೈತಿ" ಎಂದಳು ಒಬ್ಬಳು. ಗದಗದ ಕಡೆಯ ಹಳ್ಳಿಯ ಹುಡುಗಿ. ಯೂನಿವರ್ಸಿಟಿ ಬ್ಲೂ, ಅಂದರೆ ವಿಶ್ವವಿದ್ಯಾಲಯದ ಪರ ಆಡಲು ಆಯ್ಕೆಯಾದ ಆಟಗಾರ್ತಿ, ಆಗಿದ್ದೇನೆ ಅಂತ ಹೇಳುವಾಗ ಮುಖ ಅರಳಿತ್ತು.

ಒಂದನ್ನು ಟೇಬಲ್ ಮೇಲೆ ಹರಡಿ ನೋಡಿದೆ. ತೋಳಿಲ್ಲದ ಅಂಗಿ, ಬಗಲು ಪಕ್ಕೆಲುಬಿನ ತನಕ ಇಳಿದಿದೆ. ಅದನ್ನು ಸಣ್ಣದು ಮಾಡಬೇಕಾದರೆ ಎರಡೂ ಪಕ್ಕದ ಹೊಲಿಗೆ ಬಿಚ್ಚಬೇಕು, ಭುಜ ಎತ್ತಬೇಕು. ಭುಜ ಎತ್ತಿದರೆ ಎದೆಯ ಮೇಲಿನ ನಂಬರ್ ಕೊರಳ ಹತ್ತಿರ ಬರುತ್ತದೆ. ಪಕ್ಕ ಒಳಗೆ ಹಿಡಿದರೆ ವಿಶ್ವವಿದ್ಯಾಲಯದ ಹೆಸರಿನ ಮೊದಲ ಅಕ್ಷರವೇ ಹೊಲಿಗೆಯೊಳಗೆ ಹೋಗುತ್ತದೆ. ಒಂದರಲ್ಲಿ ಹಾಗೇ ಆಯಿತು. ಆ ಅಕ್ಷರ ಉಳಿಸಲು ಮೂರು ಸಲ ಬಿಚ್ಚಿ ಹೊಲಿದೆ. ಏನು ಮಾಡಿದರೂ ಗಂಡಸರ ಅಳತೆಯ ಅಂಗಿ ಹೆಣ್ಣುಮಕ್ಕಳ ಮೈಗೆ ಸರಿಯಾಗಿ ಕೂರಲಿಲ್ಲ.

ಇನ್ನೊಬ್ಬಳ ಕೈಯಲ್ಲಿ ಬಾಲ್ ಇತ್ತು. ಹುಬ್ಬಳ್ಳಿಯಲ್ಲಿ ಕಾಲೇಜು ಓದುವಾಗ ನಾನೂ ಎರಡು ವರ್ಷ ಆಡಿದವಳು. ಹಿಡಿದ ಕೂಡಲೇ ಅನುಮಾನ ಬಂತು. ಟೇಪು ಸುತ್ತಿ ನೋಡಿದೆ, ಇಪ್ಪತ್ತೊಂಬತ್ತೂವರೆ ಇಂಚು. ಅದು 7ನೇ ಸೈಜು, ಪುರುಷರ ಬಾಲ್. ಮಹಿಳೆಯರ ಪಂದ್ಯಕ್ಕೆ 6ನೇ ಸೈಜು. ಅದರ ಸುತ್ತಳತೆ ಒಂದಿಂಚು ಕಡಿಮೆ, ತೂಕವೂ ಕಡಿಮೆ. ಒಂದಿಂಚು ಏನು ಮಹಾ ಅನ್ನಬೇಡಿ. ಒಂದಿಂಚು ತಪ್ಪಿ ಹೊಲಿದರೆ ಬ್ಲೌಸು ಮರುದಿನವೇ ನನ್ನ ಅಂಗಡಿಗೆ ವಾಪಸ್ ಬರುತ್ತದೆ. ರಿಂಗ್ ಮಾತ್ರ ಇಬ್ಬರಿಗೂ 10 ಅಡಿ ಎತ್ತರದಲ್ಲೇ ಇರುತ್ತದೆ. ವರ್ಷವಿಡೀ ದೊಡ್ಡ ಬಾಲಿನಲ್ಲಿ ಕೈ ಪಳಗಿಸಿದವರಿಗೆ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಸಣ್ಣ ಬಾಲ್ ಸಿಕ್ಕರೆ ಶೂಟಿಂಗ್ ಲೆಕ್ಕ ತಪ್ಪದೇ ಇರುತ್ತದೆಯೇ? ಸೋತು ಬಂದ ಮೇಲೆ "ಹುಡುಗಿಯರು ಗೆಲ್ಲಲ್ಲ, ಅವರಿಗ್ಯಾಕೆ ಖರ್ಚು" ಅನ್ನುವ ಮಾತು ಬೇರೆ.

ಕೋರ್ಟಿನ ಕಥೆಯೂ ಹಾಗೇ. ಸಂಜೆ 5ರಿಂದ 7ರವರೆಗೆ ಅದು ಹುಡುಗರದು. ಹುಡುಗಿಯರಿಗೆ 4ರಿಂದ 5. ಆ ಹೊತ್ತಿಗೆ ಅರ್ಧ ಜನಕ್ಕೆ ಪ್ರಾಕ್ಟಿಕಲ್ ಕ್ಲಾಸು ಇರುತ್ತದೆ. ಐದು ಜನ ಸೇರುವುದೇ ಕಷ್ಟ. ದಿನ ಬಿಟ್ಟು ದಿನ ಹೊತ್ತು ಬದಲಾಯಿಸಿದರೆ ಸಾಕು, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಇದು ಗಂಡುಮಕ್ಕಳ ಆಟ, ಹೆಣ್ಣುಮಕ್ಕಳು ಆಮೇಲೆ ಸೇರಿಕೊಂಡರು ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಈ ಆಟ ಶುರು ಮಾಡಿದ್ದು 1891ರ ಡಿಸೆಂಬರಿನಲ್ಲಿ. ಮರುವರ್ಷವೇ ಅಲ್ಲಿಗೆ ಹತ್ತಿರದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಹುಡುಗಿಯರಿಗೆ ಕಲಿಸಿದರು. ಆದರೂ ಒಲಿಂಪಿಕ್ಸ್‌ನಲ್ಲಿ ಪುರುಷರ ಬಾಸ್ಕೆಟ್‌ಬಾಲ್ 1936ರಲ್ಲೇ ಬಂತು, ಮಹಿಳೆಯರದು 1976ಕ್ಕೆ. 40 ವರ್ಷ ಕಾದರು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣು ಗಂಡು ಅಂತ ಭೇದ ಮಾಡಬಾರದು ಎಂದು ಅಮೆರಿಕ 1972ರಲ್ಲಿ ಟೈಟಲ್ 9 ಕಾನೂನು ತಂದಿತು. ಆಮೇಲೆಯೇ ಅಲ್ಲಿನ ಕಾಲೇಜುಗಳಲ್ಲಿ ಹುಡುಗಿಯರ ಆಟ ದೊಡ್ಡದಾಗಿ ಬೆಳೆದಿದ್ದು.

ನಮ್ಮಲ್ಲಿ ಅಷ್ಟು ದೂರ ಹೋಗುವುದೂ ಬೇಡ. ಪ್ರವೇಶದ ರಸೀದಿ ನೋಡಿ, ಅದರಲ್ಲಿ ಕ್ರೀಡಾ ಶುಲ್ಕ ಅಂತ ಒಂದು ಸಾಲು ಇರುತ್ತದೆ. ನನ್ನ ಮಗಳ ರಸೀದಿಯಲ್ಲೂ ಇದೆ, ನನ್ನ ಅಣ್ಣನ ಮಗನ ರಸೀದಿಯಲ್ಲೂ ಇದೆ. ಇಬ್ಬರಿಗೂ ಒಂದೇ ಮೊತ್ತ.

ಈ ಜೆರ್ಸಿಗಳನ್ನು ಬಿಟ್ಟಿ ಸರಿಮಾಡಿ ಕೊಟ್ಟಿದ್ದೇನೆ, ಮಕ್ಕಳ ಕೈಯಿಂದ ದುಡ್ಡು ಇಸಿದುಕೊಳ್ಳಲು ಮನಸ್ಸಾಗಲಿಲ್ಲ. ಹೊಸವನ್ನೂ ಹಾಗೇ ಹೊಲಿದು ಕೊಡಬಹುದು. ಆದರೆ ಹುಡುಗರದು ಸಂಸ್ಥೆಯ ಹಣದಲ್ಲಿ ಆಗುವಾಗ ಹುಡುಗಿಯರದು ಯಾರದೋ ದಾನದಲ್ಲಿ ಯಾಕೆ ಆಗಬೇಕು? ಆರ್ಡರ್ ಹಾಕುವ ಮುಂಚೆ 12 ಜನರ ಅಳತೆ ತೆಗೆಸಿ. ಯಾರಿಗೆ ಬೇಕಾದರೂ ಕೊಡಿ, ನನಗೇ ಕೊಡಿ ಅನ್ನುತ್ತಿಲ್ಲ. ಅಳತೆ ತೆಗೆಯಲು ಜನ ಸಿಗದಿದ್ದರೆ ಹೇಳಿ ಕಳಿಸಿ, ಅಂಗಡಿ ಮುಚ್ಚಿ ಟೇಪು ಹಿಡಿದು ಅವತ್ತೇ ಬರುತ್ತೇನೆ.

ಇಂತಿ,
ಒಬ್ಬ ಟೇಲರ್ ಹೆಣ್ಣುಮಗಳು
ಸಪ್ತಾಪುರ, ಧಾರವಾಡ