ಸಾಥಿದಾರರ ಪಗಾರಕ್ಕೆ ನೆರವು ಕೊಡಿ

ಮಾನ್ಯ ಸಂಪಾದಕರೆ,

ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ತೇರು ಎಳೆದರೆ ಮುಂದೆ ತಿಂಗಳೊಪ್ಪತ್ತು ಗುಡಿ ಇರುವ ಚೊಳಚಗುಡ್ಡದಲ್ಲಿ ನಾಟಕ ಕಂಪನಿಗಳದೇ ಕಾರಬಾರು. ಬೆಳಗಿನ ಜಾವದವರೆಗೂ ಒಂದರ ಹಿಂದೊಂದು ಆಟ. ಆ ತಗಡಿನ ಥೇಟರುಗಳು ತುಂಬುವುದು ಎಲ್ಲಿಯ ದುಡ್ಡಿನಿಂದ ಎಂಬುದು ಗುಳೇದಗುಡ್ಡದ ನೇಕಾರನಾದ ನನಗೆ ಚೆನ್ನಾಗಿ ಗೊತ್ತು. ಇಳಕಲ್ಲಿನ ಸೀರೆ, ನಮ್ಮೂರ ಕುಪ್ಪಸದ ಕಣ, ರಬಕವಿ-ಬನಹಟ್ಟಿಯ ಮಗ್ಗ, ಮಲಪ್ರಭೆ ದಂಡೆಯ ಪೀಕು. ನೂಲಿನ ದರ ಏರಿ ಕಣಕ್ಕೆ ಗಿರಾಕಿ ಇಳಿದರೆ ಮಾಲಕರು ಕೊಡುವ ನೂಲು ಕಡಿಮೆಯಾಗುತ್ತದೆ, ಪಗಾರವೂ ಸೊರಗುತ್ತದೆ. ಎಣ್ಣೆ-ಬೇಳೆ, ಮಕ್ಕಳ ಫೀ ಬಿಡಲಾಗದು. ಬಿಡುವುದು ನಾಟಕದ ಟಿಕೆಟ್ಟನ್ನೇ.

ಕಂಪನಿ ಮುಚ್ಚಿದರೆ ಪೇಪರಿನಲ್ಲಿ ಸುದ್ದಿಯಾಗುತ್ತದೆ. ಮುಚ್ಚದೆ ಉಳಿದ ಕಂಪನಿ ಒಳಗೊಳಗೇ ಏನು ಕಳಕೊಂಡಿತು ಎಂದು ಕೇಳುವವರಿಲ್ಲ. ಜಾಗದ ಬಾಡಿಗೆ, ಕರೆಂಟು, ಲಾರಿ, ನಟ-ನಟಿಯರಿಗೆ ಕೊಟ್ಟ ಮುಂಗಡ, ಇವು ಯಾವುವೂ ಕಡಿತವಾಗುವಂಥವಲ್ಲ. ಹಾಗಾಗಿ ಮೊದಲು ಕೈಬಿಡುವುದು ಹಾಡಿಗೆ ವಾದ್ಯ ನುಡಿಸುವ ಸಾಥಿದಾರರನ್ನು. ಹಾರ್ಮೋನಿಯಂ, ತಬಲಾ, ಕ್ಲಾರಿಯೋನೆಟ್ ಇದ್ದಲ್ಲಿ ಒಂದು ಕೀಬೋರ್ಡು, ಒಂದು ರಿದಂ ಪ್ಯಾಡು ಬಂದು ಕೂತಿವೆ. ರಂಗಗೀತೆ ಹೋಗಿ ಸಿನಿಮಾ ಹಾಡು ಬಂತು, ಕುರ್ಚಿ ತುಂಬಿಸಲು ದ್ವಂದ್ವಾರ್ಥದ ಮಾತು ಹೆಚ್ಚಿತು. ಸಾಲ ಮಾಡಿ ಕಂಪನಿ ಕಟ್ಟಿದ ಮಾಲಕರನ್ನು ನಾನು ದೂರುವುದಿಲ್ಲ.

ಕೊರೊನಾ ಕಾಲದಲ್ಲಿ ಥೇಟರುಗಳು ಖಾಲಿ ಬಿದ್ದವು. ಆಮೇಲೆ ಜಾತ್ರೆ ಮತ್ತೆ ತುಂಬಿತು, ಮಿಠಾಯಿ ಅಂಗಡಿ, ಜೋಕಾಲಿ ಎಲ್ಲ ಬಂದವು. ಬೇರೆ ದುಡಿಮೆ ಹಿಡಿದು ಹೋದ ಎಷ್ಟೋ ಹಾರ್ಮೋನಿಯಂ ಮಾಸ್ತರರು ಮಾತ್ರ ಬರಲಿಲ್ಲ. ಯಾವ ನಟನ ಧ್ವನಿ ಪೆಟ್ಟಿಗೆಯ ಯಾವ ಶ್ರುತಿಗೆ ಕೂಡುತ್ತದೆ, ಮಾತು ಎಲ್ಲಿ ಹಾಡಿಗೆ ಹೊರಳುತ್ತದೆ ಎಂಬುದು ವರ್ಷಗಟ್ಟಲೆ ರಂಗದ ಮುಂದೆ ಕೂತು ಕಲಿಯುವ ವಿದ್ಯೆ. ದುಡ್ಡು ತಿರುಗಿ ಬಂತೆಂದು ಅದೂ ಬರುವುದಿಲ್ಲ.

ಬಾಗಲಕೋಟೆಯ ಹೋಳಿ ಹಲಗೆಗೆ ಇಷ್ಟು ಗಂಡಾಂತರವಿಲ್ಲ. ಬಾರಿಸುವವರು ಓಣಿಯ ಹುಡುಗರೇ, ಪಗಾರ ಕೇಳುವವರಲ್ಲ. ದುಡಿಮೆಯಾಗಿ ನಿಂತ ಕಲೆಗೇ ಪೆಟ್ಟು ಜೋರು. ಕೌಜಲಗಿ ನಿಂಗಮ್ಮನಂಥವರು ಬೆಳೆಸಿದ ಶ್ರೀಕೃಷ್ಣ ಪಾರಿಜಾತವೆಂಬ ಸಣ್ಣಾಟದ ಮೇಳಗಳಿಗೂ ಇದೇ ಕಷ್ಟ. 2019ರಂತೆ ನೆರೆ ಬಂದ ವರ್ಷ ಆಟಕ್ಕೆಂದು ಮನೆಮನೆಗೆ ಹೋಗಿ ಚಂದಾ ಪಟ್ಟಿ ಎತ್ತಲು ಯಾವ ಊರ ಹಿರಿಯರಿಗೆ ಮನಸ್ಸಾದೀತು?

ವಿಜಯಪುರದ ರಂಗಮಂದಿರಕ್ಕೆ ಕಂದಗಲ್ ಹನುಮಂತರಾಯರ ಹೆಸರಿಟ್ಟಿದ್ದೇವೆ, ಸಂತೋಷ. ಅವರ ನಾಟಕಗಳ ಹಾಡಿಗೆ ಸಾಥ್ ಕೊಡುವವನ ಹೊಟ್ಟೆಗೂ ಏನಾದರೂ ಆಗಬೇಕಲ್ಲ! ಸರ್ಕಾರ ಕಂಪನಿಗಳಿಗೆ ಕೊಡುವ ನೆರವಿನಲ್ಲಿ ಒಂದು ಪಾಲನ್ನು ಹಾರ್ಮೋನಿಯಂ, ತಬಲಾದವರ ಪಗಾರಕ್ಕೆಂದೇ ತೆಗೆದಿಟ್ಟು, ಅವರ ಖಾತೆಗೇ ಹಾಕಬೇಕು. ಜಾತ್ರೆ ಮುಗಿಯುವವರೆಗೆ ಥೇಟರುಗಳ ತಾತ್ಕಾಲಿಕ ವಿದ್ಯುತ್ ಸಂಪರ್ಕಕ್ಕೆ ರಿಯಾಯಿತಿ ಕೊಡಬೇಕು. ಜಾತ್ರೆಯ ಪೂರ್ವಸಿದ್ಧತಾ ಸಭೆಗೆ ಅಧಿಕಾರಿಗಳು ಈ ಸಲ ಸಾಥಿದಾರರನ್ನೂ ಕರೆದು ಕೂಡ್ರಿಸಿಕೊಂಡು ಅವರ ಮಾತು ಕೇಳಲಿ.

– ಒಬ್ಬ ಕೈಮಗ್ಗ ನೇಕಾರ, ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ